ಗಡುವಿಗೆ ಮೂರು ದಿನ ಮುಂಚೆ: ವಯಾಕ್ಸ್ ಮಾತ್ರೆಯ ಪ್ರಕರಣ

1998ರ ನವೆಂಬರ್ 23ರಂದು ಮರ್ಕ್ ಕಂಪನಿ ರೋಫೆಕಾಕ್ಸಿಬ್ ಎಂಬ ಹೊಸ ನೋವಿನ ಔಷಧಿಗೆ ಅನುಮತಿ ಕೇಳಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತಕ್ಕೆ, ಅಂದರೆ ಎಫ್‌ಡಿಎಗೆ, ಅರ್ಜಿ ಹಾಕಿತು. ಆದ್ಯತೆಯ ಪರಿಶೀಲನೆಗೆ ಸೇರಿಸಿಕೊಂಡಿದ್ದರಿಂದ ಆರು ತಿಂಗಳಲ್ಲಿ ತೀರ್ಮಾನ ಆಗಬೇಕಿತ್ತು. ಲೆಕ್ಕ ಹಾಕಿದರೆ ಗಡುವು 1999ರ ಮೇ 23, ಭಾನುವಾರ. ಅನುಮತಿ ಪತ್ರ ಹೊರಬಿದ್ದದ್ದು ಮೇ 20, ಗುರುವಾರ. ನಡುವೆ ಉಳಿದಿದ್ದದ್ದು ಶುಕ್ರವಾರ ಎಂಬ ಒಂದೇ ಒಂದು ಕೆಲಸದ ದಿನ. ವಯಾಕ್ಸ್ ಹೆಸರಿನಲ್ಲಿ ಮಾರಾಟಕ್ಕೆ ಬಂದ ಆ ಮಾತ್ರೆಯನ್ನು 2004ರ ಸೆಪ್ಟೆಂಬರ್ 30ರಂದು ಕಂಪನಿಯೇ ಹಿಂದಕ್ಕೆ ಪಡೆಯಿತು. ಕಾರಣ, ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಅಪಾಯ. ಅಷ್ಟರಲ್ಲಿ ಅಮೆರಿಕವೊಂದರಲ್ಲೇ ಸುಮಾರು 2 ಕೋಟಿ ಜನ ಅದನ್ನು ತೆಗೆದುಕೊಂಡಿದ್ದರು.

ಅವಸರ ಮಾಡಿದರು, ಅನಾಹುತ ಆಯಿತು ಎಂದು ಈ ಪ್ರಕರಣವನ್ನು ಒಂದು ಸಾಲಿನಲ್ಲಿ ಮುಗಿಸುವವರು ಬಹಳ ಮಂದಿ. ದಿನಾಂಕಗಳನ್ನು ಒಂದರ ಕೆಳಗೆ ಒಂದು ಬರೆದುಕೊಂಡು ನೋಡಿದಾಗ ನನಗೆ ಕಂಡದ್ದು ಬೇರೆ. ಅನುಮತಿಯ ತನಕ ಪ್ರತಿ ಹೆಜ್ಜೆಗೂ ತಾರೀಖು ಇತ್ತು, ಅದಕ್ಕೆಂದೇ ಎತ್ತಿಟ್ಟ ಹಣವಿತ್ತು, ತಡವಾದರೆ ಲೆಕ್ಕ ಕೇಳುವವರಿದ್ದರು. ಅನುಮತಿ ಸಿಕ್ಕಿದ ಮಾರನೇ ದಿನದಿಂದ ಈ ಮೂರರಲ್ಲಿ ಯಾವುದೂ ಅಷ್ಟು ಗಟ್ಟಿಯಾಗಿ ಉಳಿಯಲಿಲ್ಲ. ವಯಾಕ್ಸ್ ಜನರನ್ನು ಕಾಡಿದ್ದು ಈ ಎರಡನೇ ಅವಧಿಯಲ್ಲಿ.

ಗಡುವು ಎಲ್ಲಿಂದ ಬಂತು

ಔಷಧ ಪರಿಶೀಲನೆಗೆ ಕಾಲಮಿತಿ ಇಡುವುದು ಅಮೆರಿಕಕ್ಕೆ ಹೊಸದಲ್ಲ. 1938ರ ಕಾನೂನಿನಲ್ಲಿ 60 ದಿನಗಳ ಮಿತಿಯಿತ್ತು. ಅಷ್ಟರೊಳಗೆ ಎಫ್‌ಡಿಎ ತಕರಾರು ತೆಗೆಯದಿದ್ದರೆ ಕಂಪನಿ ಔಷಧಿಯನ್ನು ಮಾರಬಹುದಿತ್ತು. ಸುಮ್ಮನಿದ್ದರೆ ಒಪ್ಪಿದ ಹಾಗೆ. 1960ರ ಸೆಪ್ಟೆಂಬರಿನಲ್ಲಿ ಥಾಲಿಡೊಮೈಡ್ ಎಂಬ ನಿದ್ರೆ ಮಾತ್ರೆಯ ಅರ್ಜಿ ಬಂದಾಗ ಅದು ಫ್ರಾನ್ಸಿಸ್ ಕೆಲ್ಸಿ ಅವರ ಮೇಜಿಗೆ ಹೋಯಿತು. ಅವರು ಎಫ್‌ಡಿಎ ಕೆಲಸಕ್ಕೆ ಸೇರಿ ಆಗಿನ್ನೂ ಒಂದು ತಿಂಗಳು. ಕೊಟ್ಟಿರುವ ಮಾಹಿತಿ ಸಾಲದು, ಅರ್ಜಿ ಅಪೂರ್ಣ ಎಂದು ಅವರು ಬರೆದರು. ಹಾಗೆ ಬರೆದ ಕೂಡಲೇ 60 ದಿನಗಳ ಎಣಿಕೆ ಮತ್ತೆ ಮೊದಲಿನಿಂದ ಶುರು. ಕಂಪನಿ ಮತ್ತಷ್ಟು ಕಾಗದ ಕೊಟ್ಟಿತು, ಅವರು ಮತ್ತೆ ಸಾಲದು ಎಂದರು. ಅದನ್ನು ತೆಗೆದುಕೊಂಡ ಗರ್ಭಿಣಿಯರಿಗೆ ಕೈಕಾಲು ಬೆಳೆಯದೆ ಹುಟ್ಟಿದ ಶಿಶುಗಳ ಸುದ್ದಿ ಯುರೋಪಿನಿಂದ ಬರುವವರೆಗೂ ಆ ಅರ್ಜಿ ಅಲ್ಲಿಂದ ಕದಲಲಿಲ್ಲ. 1962ರ ಮಾರ್ಚಿನಲ್ಲಿ ಕಂಪನಿ ಅದನ್ನು ವಾಪಸು ಪಡೆಯಿತು.

ಅದೇ ವರ್ಷದ ಅಕ್ಟೋಬರಿನಲ್ಲಿ ಕಾನೂನು ಬದಲಾಯಿತು. ಔಷಧಿ ಸುರಕ್ಷಿತ ಎಂದಷ್ಟೇ ಅಲ್ಲ, ಕೆಲಸ ಮಾಡುತ್ತದೆ ಎಂದೂ ಕಂಪನಿ ತೋರಿಸಬೇಕಾಯಿತು. ಎಫ್‌ಡಿಎ ಒಪ್ಪಿಗೆಯಿಲ್ಲದೆ ಮಾರುವಂತಿಲ್ಲ. ಹೊಸ ಕಾಲಮಿತಿ ಕಾಗದದ ಮೇಲೆ 180 ದಿನ. ಅದನ್ನು ಪಾಲಿಸಲು ಬೇಕಾದ ವೈದ್ಯರು, ಸಂಖ್ಯಾಶಾಸ್ತ್ರಜ್ಞರು ಕಚೇರಿಯಲ್ಲಿರಲಿಲ್ಲ. ಎಂಬತ್ತರ ದಶಕದ ಹೊತ್ತಿಗೆ ಒಂದು ಅರ್ಜಿಗೆ ಎರಡು ವರ್ಷ ಹಿಡಿಯುವುದು ಮಾಮೂಲಾಗಿತ್ತು. ಏಡ್ಸ್ ಬಂದಿತ್ತು, ಯುವಕರು ಸಾಯುತ್ತಿದ್ದರು. 1988ರ ಅಕ್ಟೋಬರ್ 11ರಂದು ರಾಕ್‌ವಿಲ್‌ನಲ್ಲಿದ್ದ ಎಫ್‌ಡಿಎ ಕಚೇರಿಯನ್ನು ಪ್ರತಿಭಟನಾಕಾರರು ಮುತ್ತಿದರು. ಗಡುವು ಎಂದರೆ ಕಂಪನಿಗಳ ಲಾಭಕ್ಕಾಗಿ ಬಂದದ್ದು ಎಂದು ಯಾರಾದರೂ ಹೇಳಿದರೆ ನಾನು ಆ ದಿನವನ್ನು ನೆನಪಿಸುತ್ತೇನೆ. ಔಷಧಿ ಬರುವುದು ತಡವಾದರೂ ಜನ ಸಾಯುತ್ತಾರೆ, ಆದರೆ ಆ ಸಾವುಗಳನ್ನು ಯಾವ ಮಾತ್ರೆಯ ಹೆಸರಿನಲ್ಲೂ ಯಾರೂ ಎಣಿಸುವುದಿಲ್ಲ.

1992ರ ಅಕ್ಟೋಬರಿನಲ್ಲಿ ಬಂದ ಔಷಧ ಬಳಕೆದಾರ ಶುಲ್ಕ ಕಾಯ್ದೆ ಈ ಬಿಕ್ಕಟ್ಟಿಗೆ ಸಿಕ್ಕ ಉತ್ತರ. ಅದರ ಇಂಗ್ಲಿಷ್ ಮೊದಲಕ್ಷರಗಳನ್ನು ಕೂಡಿಸಿ ಎಲ್ಲರೂ ಪಿಡುಫಾ ಎನ್ನುತ್ತಾರೆ. ಒಪ್ಪಂದ ನೇರವಾಗಿತ್ತು. ಕಂಪನಿಗಳು ಶುಲ್ಕ ಕಟ್ಟುತ್ತವೆ, ಎಫ್‌ಡಿಎ ಆ ಹಣದಲ್ಲಿ ಪರಿಶೀಲಕರನ್ನು ನೇಮಿಸಿಕೊಂಡು ಹೇಳಿದ ಸಮಯಕ್ಕೆ ಉತ್ತರ ಕೊಡುತ್ತದೆ. ರೋಗಿಗಳ ಮೇಲಿನ ಪ್ರಯೋಗಗಳ ಮಾಹಿತಿ ಇರುವ ಪೂರ್ಣ ಅರ್ಜಿಗೆ 1993ರಲ್ಲಿ 1 ಲಕ್ಷ ಡಾಲರ್, 1997ರ ಹೊತ್ತಿಗೆ 2.33 ಲಕ್ಷ. ಸಾಮಾನ್ಯ ಅರ್ಜಿಗಳಲ್ಲಿ ಶೇ 90ಕ್ಕೆ 12 ತಿಂಗಳಲ್ಲಿ, ಆದ್ಯತೆಯ ಅರ್ಜಿಗಳಲ್ಲಿ ಶೇ 90ಕ್ಕೆ 6 ತಿಂಗಳಲ್ಲಿ ತೀರ್ಮಾನ ಎಂಬುದು ಗುರಿ. ಸುಮಾರು 600 ಹುದ್ದೆಗಳು ಹೆಚ್ಚಾಗುವ ಲೆಕ್ಕಾಚಾರವಿತ್ತು. ಫಲವೂ ಸಿಕ್ಕಿತು. ಸಾಮಾನ್ಯ ಅರ್ಜಿಗಳ ಮಧ್ಯಕ ಅನುಮತಿ ಸಮಯ 1993ರಲ್ಲಿ 27 ತಿಂಗಳಿದ್ದದ್ದು 2001ಕ್ಕೆ 14 ತಿಂಗಳಿಗೆ ಇಳಿಯಿತು.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು, ಏಕೆಂದರೆ ಬಹಳ ಸಲ ತಪ್ಪಾಗಿ ಅರ್ಥವಾಗುವುದು ಇದೇ. ಗಡುವು ಇರುವುದು ಉತ್ತರಕ್ಕೆ, ಒಪ್ಪಿಗೆಗಲ್ಲ. ಕೊರತೆಗಳ ಪಟ್ಟಿ ಮಾಡಿ ಒಪ್ಪುವುದಿಲ್ಲ ಎಂದು ಪತ್ರ ಬರೆದರೂ ಗಡುವು ಪಾಲಿಸಿದಂತೆಯೇ. ಗಡುವು ತಪ್ಪಿದರೆ 1938ರ ಕಾನೂನಿನಂತೆ ಔಷಧಿ ತಾನಾಗಿಯೇ ಮಾರುಕಟ್ಟೆಗೆ ಹೋಗುವುದೂ ಇಲ್ಲ. ಹಾಗಿದ್ದರೆ ಒತ್ತಡ ಎಲ್ಲಿಂದ? ಕಾಯ್ದೆಯ ಆಯುಷ್ಯ ಐದೇ ವರ್ಷ. ಐದು ವರ್ಷಕ್ಕೊಮ್ಮೆ ಎಫ್‌ಡಿಎ ಉದ್ಯಮದ ಪ್ರತಿನಿಧಿಗಳ ಜೊತೆ ಕೂತು ಮಾತುಕತೆ ನಡೆಸಬೇಕು, ಆಮೇಲೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಅದನ್ನು ಮತ್ತೆ ಅಂಗೀಕರಿಸಬೇಕು. ಎಷ್ಟು ಅರ್ಜಿಗಳಿಗೆ ಸಮಯಕ್ಕೆ ಸರಿಯಾಗಿ ಉತ್ತರ ಕೊಟ್ಟಿರಿ ಎಂಬ ಅಂಕಿ ಆ ಮೇಜಿನ ಮೇಲೆ ಮೊದಲು ಬೀಳುತ್ತದೆ. ಕಾಯ್ದೆ ಮುಂದುವರಿಯದಿದ್ದರೆ ಶುಲ್ಕದ ಹಣದಿಂದ ಸಂಬಳ ಪಡೆಯುವ ನೂರಾರು ಪರಿಶೀಲಕರ ಕೆಲಸವೇ ಅತಂತ್ರ.

ಇನ್ನು ಕಂಪನಿಗಳು ಇಷ್ಟು ಸಲೀಸಾಗಿ ಶುಲ್ಕ ಕಟ್ಟಲು ಒಪ್ಪಿದ್ದೇಕೆ ಎಂಬುದಕ್ಕೆ ವಯಾಕ್ಸ್ ಲೆಕ್ಕವೇ ಸಾಕು. 1998ರಲ್ಲಿ ಅರ್ಜಿ ಶುಲ್ಕ ಎರಡೂವರೆ ಲಕ್ಷ ಡಾಲರ್ ದಾಟಿತ್ತು. 2003ರಲ್ಲಿ ವಯಾಕ್ಸ್‌ನ ಜಾಗತಿಕ ಮಾರಾಟ 250 ಕೋಟಿ ಡಾಲರ್. ದಿನಕ್ಕೆ ಭಾಗಿಸಿದರೆ ಸುಮಾರು 68 ಲಕ್ಷ. ಗಂಟೆಗೆ ಭಾಗಿಸಿದರೆ 2.8 ಲಕ್ಷ. ಅರ್ಜಿಯ ಶುಲ್ಕವೆಂದರೆ ಹೆಚ್ಚು ಕಡಿಮೆ ಒಂದು ಗಂಟೆಯ ವ್ಯಾಪಾರ. ಪೇಟೆಂಟಿನ ಅವಧಿ ಕರಗುತ್ತಿರುವಾಗ ಒಂದು ತಿಂಗಳು ಬೇಗ ಅನುಮತಿ ಸಿಕ್ಕರೆ ಆ ಶುಲ್ಕದ ನೂರಾರು ಪಟ್ಟು ಹಣ ಕೈಸೇರುತ್ತದೆ. ಕಂಪನಿ ದುಡ್ಡು ಕೊಟ್ಟು ಪಡೆಯುವುದು ತೀರ್ಪನ್ನಲ್ಲ, ತೀರ್ಪು ಇಂಥ ದಿನ ಬರುತ್ತದೆ ಎಂಬ ಭರವಸೆಯನ್ನು.

ಪರಿಶೀಲಕರು ಬರೆದ ಒಂದು ಸಾಲು

ಸಂಧಿವಾತದ ರೋಗಿಗಳಿಗೆ ಆಗ ಇದ್ದ ನೋವಿನ ಮಾತ್ರೆಗಳು ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ ಮಾಡುತ್ತಿದ್ದವು. ಆಸ್ಪತ್ರೆ ಸೇರುವವರು, ಸಾಯುವವರು ಸಾವಿರಗಳ ಲೆಕ್ಕದಲ್ಲಿದ್ದರು. ಕಾಕ್ಸ್-2 ಎಂಬ ಕಿಣ್ವವನ್ನಷ್ಟೇ ತಡೆದು ಜಠರದ ಒಳಪದರವನ್ನು ಕಾಯುವ ಕಾಕ್ಸ್-1 ಅನ್ನು ಮುಟ್ಟದೆ ಬಿಟ್ಟರೆ ನೋವೂ ಹೋಗುತ್ತದೆ, ಹೊಟ್ಟೆಯೂ ಉಳಿಯುತ್ತದೆ ಎಂಬುದು ಹೊಸ ಔಷಧಿಗಳ ಹಿಂದಿದ್ದ ವಿಚಾರ. ಇದೇ ವರ್ಗದ ಸೆಲೆಕಾಕ್ಸಿಬ್‌ಗೆ 1998ರ ಡಿಸೆಂಬರ್ 31ರಂದೇ ಅನುಮತಿ ಸಿಕ್ಕಿತ್ತು. ಹೀಗಾಗಿ ವಯಾಕ್ಸ್‌ಗೆ ಆದ್ಯತೆ ಸಿಕ್ಕಿದ್ದರಲ್ಲಿ ತಪ್ಪು ಹುಡುಕುವುದು ಕಷ್ಟ.

ಆದರೆ ಅದೇ ಹೊತ್ತಿಗೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಗ್ಯಾರೆಟ್ ಫಿಟ್ಜ್‌ಜೆರಾಲ್ಡ್ ಮತ್ತು ಸಂಗಡಿಗರು ಒಂದು ಅನುಮಾನ ಎತ್ತಿದ್ದರು. ರಕ್ತನಾಳಗಳನ್ನು ಸಡಿಲವಾಗಿಟ್ಟು ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವ ಪ್ರೊಸ್ಟಾಸೈಕ್ಲಿನ್ ಉತ್ಪತ್ತಿಯಲ್ಲೂ ಕಾಕ್ಸ್-2ಕ್ಕೆ ಪಾಲಿದೆ. ಈ ಮಾತ್ರೆಗಳು ಅದನ್ನು ಕುಗ್ಗಿಸುತ್ತವೆ. ಹೆಪ್ಪುಗಟ್ಟಿಸುವ ಥ್ರಾಂಬಾಕ್ಸೇನ್ ಮಾತ್ರ ಹಾಗೆಯೇ ಉಳಿಯುತ್ತದೆ. ತಕ್ಕಡಿಯ ಒಂದು ತಟ್ಟೆಯಿಂದ ಕಲ್ಲು ತೆಗೆದಂತೆ.

ಅರ್ಜಿಯ ಜೊತೆ ಬಂದ ಮಾಹಿತಿಯಲ್ಲಿ ರೋಫೆಕಾಕ್ಸಿಬ್ ತೆಗೆದುಕೊಂಡವರು ಸುಮಾರು 5,000 ಮಂದಿ. ಅದರಲ್ಲಿ ಹೃದಯಾಘಾತ ಸ್ಪಷ್ಟವಾಗಿ ಹೆಚ್ಚಾದದ್ದು ಕಾಣಲಿಲ್ಲ. ಆದರೂ ಎಫ್‌ಡಿಎಯ ವೈದ್ಯ ಪರಿಶೀಲಕರು ತಮ್ಮ ವರದಿಯಲ್ಲಿ ಈ ವಿಷಯಕ್ಕೆ ಜಾಗ ಕೊಟ್ಟರು. ಈಗಿರುವ ಮಾಹಿತಿಯಿಂದ ಹೃದಯ ಮತ್ತು ರಕ್ತ ಹೆಪ್ಪುಗಟ್ಟುವಿಕೆಯ ಅಪಾಯ ಹೆಚ್ಚುತ್ತದೆಯೇ ಎಂದು ಖಚಿತವಾಗಿ ಹೇಳಲಾಗದು, ಅದಕ್ಕೆ ಇನ್ನೂ ಹೆಚ್ಚು ಜನರ ಮಾಹಿತಿ ಬೇಕು ಎಂಬುದು ಆ ಮಾತಿನ ತಿರುಳು.

ಈ ಸಾಲನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಪರಿಶೀಲನೆ ಸೋತಿತು ಎಂದು ಯಾರೂ ಹೇಳಲಾಗದು. ಕೇಳಬೇಕಾದ ಪ್ರಶ್ನೆಯನ್ನು ಅವರು ಕೇಳಿದ್ದರು, ಬರೆದಿಟ್ಟಿದ್ದರು. ಏಪ್ರಿಲ್ 20ರಂದು ಸಲಹಾ ಸಮಿತಿ ಸೇರಿತು, ಒಂದು ತಿಂಗಳಿಗೆ ಅನುಮತಿ ಬಂತು. ಹೆಚ್ಚಿನ ಮಾಹಿತಿ ಬೇಕು ಎಂಬ ಆ ಮಾತಿಗೆ ಮಾತ್ರ ಯಾರು ತರಬೇಕು, ಯಾವತ್ತಿಗೆ ತರಬೇಕು ಎಂಬ ಕಟ್ಟಳೆ ಬೀಳಲಿಲ್ಲ.

ಆರು ತಿಂಗಳ ಬದಲು ಹನ್ನೆರಡು ತಿಂಗಳಾಗಿದ್ದರೆ?

ಗಡುವನ್ನು ದೂರುವವರು ಈ ಪ್ರಶ್ನೆಗೆ ಉತ್ತರ ಹೇಳಬೇಕು. ವಯಾಕ್ಸ್ ಅನ್ನು ಹಳೆಯ ನೋವಿನ ಮಾತ್ರೆಯ ಜೊತೆ ಹೋಲಿಸಿದ ವಿಗರ್ ಎಂಬ ದೊಡ್ಡ ಪ್ರಯೋಗ ಶುರುವಾದದ್ದು 1999ರ ಜನವರಿಯಲ್ಲಿ, ಅಂದರೆ ಅರ್ಜಿ ಪರಿಶೀಲನೆಯಲ್ಲಿರುವಾಗಲೇ. ಅದರ ಫಲಿತಾಂಶ ಕಂಪನಿಗೆ ತಿಳಿದದ್ದು 2000ದ ಮಾರ್ಚಿನಲ್ಲಿ. ವಯಾಕ್ಸ್‌ಗೆ ಆದ್ಯತೆ ಕೊಡದೆ ಪೂರ್ತಿ 12 ತಿಂಗಳು ತೆಗೆದುಕೊಂಡಿದ್ದರೂ ತೀರ್ಮಾನ 1999ರ ನವೆಂಬರಿಗೆ ಆಗುತ್ತಿತ್ತು. ವಿಗರ್ ಉತ್ತರ ಬರಲು ಆಗಲೂ ನಾಲ್ಕು ತಿಂಗಳು ಬಾಕಿ. ಅದೇ 5,000 ಜನರ ಕಾಗದಗಳನ್ನು ಇನ್ನೂ ಆರು ತಿಂಗಳು ತಿರುವಿದರೆ ಅದರಲ್ಲಿ ಇಲ್ಲದ ಉತ್ತರ ಹುಟ್ಟುವುದಿಲ್ಲ.

ಹಾಗೆಂದು ಗಡುವಿಗೆ ಪೂರ್ತಿ ದೋಷಮುಕ್ತಿ ಕೊಡಲೂ ನನ್ನಿಂದಾಗದು. ಅಮೆರಿಕದ ಆರೋಗ್ಯ ಇಲಾಖೆಯ ತನಿಖಾ ವಿಭಾಗ ಎಫ್‌ಡಿಎ ಪರಿಶೀಲಕರನ್ನೇ ಕೇಳಿ 2003ರಲ್ಲಿ ವರದಿ ಕೊಟ್ಟಿತು. ಆದ್ಯತೆಯ ಅರ್ಜಿಗೆ ಆರು ತಿಂಗಳು ಸಾಲದು ಎಂದವರು ಶೇ 58. ಮನಸ್ಸೊಪ್ಪದಿದ್ದರೂ ಅನುಮತಿಗೆ ಶಿಫಾರಸು ಮಾಡುವ ಒತ್ತಡ ಬಂದಿತ್ತು ಎಂದವರು ಶೇ 18. ಹಾರ್ವರ್ಡ್‌ನ ಡೇನಿಯಲ್ ಕಾರ್ಪೆಂಟರ್ ಮತ್ತು ಸಂಗಡಿಗರು 2008ರಲ್ಲಿ ಇನ್ನೊಂದು ಕಡೆಯಿಂದ ಇದನ್ನೇ ನೋಡಿದರು: ಗಡುವಿಗೆ ಮುಂಚಿನ ಎರಡು ತಿಂಗಳಲ್ಲಿ ಅನುಮತಿ ಸಿಕ್ಕ ಔಷಧಿಗಳು ಆಮೇಲೆ ಸುರಕ್ಷತೆಯ ಕಾರಣಕ್ಕೆ ಹಿಂತೆಗೆತಕ್ಕೆ ಒಳಗಾಗುವ ಸಾಧ್ಯತೆ ಉಳಿದವಕ್ಕಿಂತ ಹಲವು ಪಟ್ಟು ಹೆಚ್ಚು ಎಂದು ಅವರ ಲೆಕ್ಕ ಹೇಳಿತು. ಎಫ್‌ಡಿಎ ಆ ಅಂಕಿಗಳನ್ನು ಪ್ರಶ್ನಿಸಿತು. ಸಂಶೋಧಕರು ಕೆಲವು ತಿದ್ದುಪಡಿ ಮಾಡಿದರೂ ತಮ್ಮ ಮುಖ್ಯ ತೀರ್ಮಾನವನ್ನು ಬಿಡಲಿಲ್ಲ. ಮೂರು ದಿನ ಮುಂಚೆ ಅನುಮತಿ ಪಡೆದ ವಯಾಕ್ಸ್ ಆ ಚಿತ್ರಕ್ಕೆ ಸರಿಯಾಗಿ ಹೊಂದುತ್ತದೆ. ಒಂದು ಪ್ರಕರಣ ಹೊಂದಿದ ಮಾತ್ರಕ್ಕೆ ಗಡುವೇ ಕಾರಣ ಎಂದು ಸಾಬೀತಾಗುವುದಿಲ್ಲ ಎಂಬುದೂ ನಿಜ.

ತಾರೀಖಿಲ್ಲದ ದಿನಗಳು

ವಿಗರ್ ಪ್ರಯೋಗದಲ್ಲಿ 8,076 ಸಂಧಿವಾತ ರೋಗಿಗಳಿದ್ದರು. ಅರ್ಧದಷ್ಟು ಜನರಿಗೆ ದಿನಕ್ಕೆ 50 ಮಿಲಿಗ್ರಾಂ ವಯಾಕ್ಸ್, ಉಳಿದವರಿಗೆ ಹಳೆಯ ಔಷಧಿ ನ್ಯಾಪ್ರಾಕ್ಸೆನ್. ಹೊಟ್ಟೆಯ ವಿಷಯದಲ್ಲಿ ಕಂಪನಿ ಹೇಳಿದ್ದು ನಿಜವಾಯಿತು: ಹುಣ್ಣು, ರಕ್ತಸ್ರಾವದಂಥ ತೊಂದರೆಗಳು ಅರ್ಧಕ್ಕಿಳಿದವು. ಹೃದಯದ ವಿಷಯ ಬೇರೆಯಿತ್ತು. ವಯಾಕ್ಸ್ ಗುಂಪಿನಲ್ಲಿ ಹೃದಯಾಘಾತ 20, ನ್ಯಾಪ್ರಾಕ್ಸೆನ್ ಗುಂಪಿನಲ್ಲಿ 4. ಏನೂ ಔಷಧಿಯಿಲ್ಲದ ಹೋಲಿಕೆಯ ಗುಂಪು ಆ ಪ್ರಯೋಗದಲ್ಲಿರಲಿಲ್ಲ. ಹಾಗಾಗಿ ವಯಾಕ್ಸ್ ಕೆಡುಕು ಮಾಡಿಲ್ಲ, ನ್ಯಾಪ್ರಾಕ್ಸೆನ್ ಹೃದಯವನ್ನು ಕಾಪಾಡಿದೆ ಎಂಬ ವಿವರಣೆಗೆ ಕಂಪನಿಗೆ ದಾರಿ ಸಿಕ್ಕಿತು.

ಇಲ್ಲಿಂದ ಮುಂದೆ ದಿನಾಂಕಗಳನ್ನು ನೋಡಿ. 2000ದ ಜೂನ್‌ನಲ್ಲಿ ಮಾಹಿತಿ ಎಫ್‌ಡಿಎ ಕೈಸೇರಿತು. 2001ರ ಫೆಬ್ರವರಿ 8ರಂದು ಸಲಹಾ ಸಮಿತಿ ಸೇರಿ, ಹೃದಯದ ಈ ಅಂಕಿಗಳನ್ನು ವೈದ್ಯರಿಗೆ ತಿಳಿಸಬೇಕು ಎಂದಿತು. ಸೆಪ್ಟೆಂಬರಿನಲ್ಲಿ, ಅಪಾಯವನ್ನು ಹಗುರ ಮಾಡಿ ಪ್ರಚಾರ ಮಾಡುತ್ತಿದ್ದೀರಿ ಎಂದು ಎಫ್‌ಡಿಎ ಕಂಪನಿಗೆ ಎಚ್ಚರಿಕೆಯ ಪತ್ರ ಬರೆಯಿತು. ಲೇಬಲ್, ಅಂದರೆ ಔಷಧಿಯ ಜೊತೆ ವೈದ್ಯರಿಗಾಗಿ ಕೊಡುವ ಮಾಹಿತಿಯ ಕಾಗದ, ಬದಲಾದದ್ದು 2002ರ ಏಪ್ರಿಲ್ 11ರಂದು. ಹೊಸ ಔಷಧಿಯೊಂದನ್ನು ಪರೀಕ್ಷಿಸಿ ಮಾರುಕಟ್ಟೆಗೆ ಬಿಡಲು ಆರು ತಿಂಗಳು. ಅದೇ ಔಷಧಿಯ ಕಾಗದದ ಮೇಲೆ ಕೆಲವು ಸಾಲು ಸೇರಿಸಲು ಸುಮಾರು 22 ತಿಂಗಳು. ಅಷ್ಟು ಚೌಕಾಸಿಯ ನಂತರವೂ ಆ ಸಾಲುಗಳು ಹೋಗಿ ಕೂತದ್ದು ಹೆಚ್ಚು ತೂಕದ ಎಚ್ಚರಿಕೆಗಳ ವಿಭಾಗದಲ್ಲಲ್ಲ, ಮುನ್ನೆಚ್ಚರಿಕೆಗಳ ವಿಭಾಗದಲ್ಲಿ.

ಚೌಕಾಸಿ ಎಂಬ ಪದವನ್ನು ಬೇಕೆಂದೇ ಬಳಸಿದ್ದೇನೆ. ಲೇಬಲ್‌ನಲ್ಲಿ ಹೀಗೇ ಬರೆಯಿರಿ ಎಂದು ಆದೇಶಿಸುವ ಅಧಿಕಾರ ತಮಗಿಲ್ಲ, ಪದಪದವನ್ನೂ ಕಂಪನಿಯ ಜೊತೆ ಮಾತಾಡಿ ಒಪ್ಪಿಸಬೇಕು ಎಂದು ಎಫ್‌ಡಿಎ ಅಧಿಕಾರಿಗಳೇ 2005ರಲ್ಲಿ ಸೆನೆಟ್ ಮುಂದೆ ಹೇಳಿದರು. ಅನುಮತಿಗೆ ಮುಂಚೆ ತಡವಾದರೆ ನಷ್ಟ ಕಂಪನಿಗೆ, ಆದ್ದರಿಂದ ಅದು ಬೇಗ ಬೇಗ ಉತ್ತರಿಸುತ್ತದೆ. ಅನುಮತಿಯ ನಂತರ ತಡವಾದಷ್ಟೂ ಹಳೆಯ ಲೇಬಲ್‌ನಲ್ಲೇ ಮಾರಾಟ ನಡೆಯುತ್ತದೆ. ಒಂದೇ ಮೇಜು, ಎದುರುಬದುರು ಅದೇ ಎರಡು ಪಕ್ಷ, ಆದರೆ ಕಾಲ ಯಾರ ಕಡೆ ಇದೆ ಎಂಬುದು ಒಂದು ಸಹಿಯ ನಂತರ ತಿರುಗಿಬಿಟ್ಟಿತ್ತು.

ಹಣದ ಕಥೆಯೂ ಇದೇ. 1992 ಮತ್ತು 1997ರ ಕಾಯ್ದೆಗಳ ಶುಲ್ಕವನ್ನು ಅನುಮತಿಗೆ ಮುಂಚಿನ ಪರಿಶೀಲನೆಗೆ ಮಾತ್ರ ಖರ್ಚು ಮಾಡಬೇಕಿತ್ತು; ಮಾರುಕಟ್ಟೆಯಲ್ಲಿರುವ ಔಷಧಿಗಳ ಮೇಲೆ ಕಣ್ಣಿಡಲು ಅದರಿಂದ ಒಂದು ಡಾಲರ್ ಕೂಡ ತೆಗೆಯುವಂತಿಲ್ಲ. ಅಷ್ಟೇ ಅಲ್ಲ, ಶುಲ್ಕ ವಸೂಲಿ ಮಾಡಬೇಕಾದರೆ ಎಫ್‌ಡಿಎ ಸರ್ಕಾರಿ ಅನುದಾನದಿಂದಲೂ ಪರಿಶೀಲನೆಗೆ ನಿಗದಿತ ಮೊತ್ತ ಖರ್ಚು ಮಾಡಲೇಬೇಕು ಎಂಬ ಷರತ್ತಿತ್ತು. ಅನುದಾನ ಅಷ್ಟಾಗಿ ಏರದ ವರ್ಷಗಳಲ್ಲಿ ಈ ಷರತ್ತು ಪೂರೈಸಲು ಕೈಹಾಕಿದ್ದು ಬೇರೆ ಕೆಲಸಗಳ ದುಡ್ಡಿಗೆ. 2002ರ ನವೀಕರಣದಲ್ಲಿ ಬೇಲಿ ಸ್ವಲ್ಪ ಸಡಿಲವಾಯಿತು: ಅನುಮತಿ ಸಿಕ್ಕ ಎರಡು ಮೂರು ವರ್ಷಗಳವರೆಗೆ ಅಪಾಯದ ನಿಗಾಕ್ಕೂ ಶುಲ್ಕ ಬಳಸಬಹುದು ಎಂದಾಯಿತು. ಆದರೆ ಆ ಅವಕಾಶ 2002ರ ಅಕ್ಟೋಬರ್ 1ರ ನಂತರ ಅನುಮತಿ ಪಡೆದ ಔಷಧಿಗಳಿಗೆ. ವಯಾಕ್ಸ್ ಅದರ ಹೊರಗೇ ಉಳಿಯಿತು.

ಕೊನೆಗೂ ಸಿಕ್ಕ ಉತ್ತರ

ಪರಿಶೀಲಕರು 1999ರಲ್ಲಿ ಕೇಳಿದ್ದ ಮಾಹಿತಿ ಬಂದದ್ದು ಬೇರೆಯದೇ ಉದ್ದೇಶಕ್ಕೆ ನಡೆದ ಪ್ರಯೋಗದಿಂದ. ದೊಡ್ಡ ಕರುಳಿನಲ್ಲಿ ಬೆಳೆಯುವ ಗಂಟುಗಳನ್ನು ವಯಾಕ್ಸ್ ತಡೆಯುತ್ತದೆಯೇ ಎಂದು ನೋಡಲು 2,586 ಜನರ ಮೇಲೆ ಅಪ್ರೂವ್ ಎಂಬ ಅಧ್ಯಯನ ನಡೆಯುತ್ತಿತ್ತು. ಒಂದು ಗುಂಪಿಗೆ 25 ಮಿಲಿಗ್ರಾಂ ಮಾತ್ರೆ, ಇನ್ನೊಂದಕ್ಕೆ ಔಷಧಿಯಿಲ್ಲದ ಹುಸಿಮಾತ್ರೆ. ಈ ಸಲ ನ್ಯಾಪ್ರಾಕ್ಸೆನ್ ವಿವರಣೆಗೆ ಜಾಗವಿರಲಿಲ್ಲ. ರಕ್ತ ಹೆಪ್ಪುಗಟ್ಟಿ ಹೃದಯಾಘಾತ, ಪಾರ್ಶ್ವವಾಯುವಿನಂಥ ತೊಂದರೆಗೆ ಒಳಗಾದವರು ಮಾತ್ರೆಯ ಗುಂಪಿನಲ್ಲಿ 46, ಹುಸಿಮಾತ್ರೆಯ ಗುಂಪಿನಲ್ಲಿ 26. ಅಪಾಯ ಸುಮಾರು ಎರಡು ಪಟ್ಟು. ಅಧ್ಯಯನವನ್ನು ನಿಗದಿತ ಅವಧಿಗೆ ಮುಂಚೆಯೇ ನಿಲ್ಲಿಸಿದರು, ಮಾತ್ರೆ ಮಾರುಕಟ್ಟೆಯಿಂದ ಹೋಯಿತು.

2004ರ ನವೆಂಬರಿನಲ್ಲಿ ಎಫ್‌ಡಿಎಯದೇ ವಿಜ್ಞಾನಿ ಡೇವಿಡ್ ಗ್ರಹಾಂ ಸೆನೆಟ್ ಸಮಿತಿಯ ಮುಂದೆ ಸಾಕ್ಷ್ಯ ನುಡಿದರು. ಅವರ ತಂಡ 2005ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ವಯಾಕ್ಸ್‌ನಿಂದ ಅಮೆರಿಕದಲ್ಲಿ ಹೆಚ್ಚುವರಿಯಾಗಿ ಆದ ಗಂಭೀರ ಹೃದ್ರೋಗದ ಪ್ರಕರಣಗಳು 88,000ದಿಂದ 1,40,000. ಅದು ಅಂದಾಜು, ವಿವಾದವೂ ಇದೆ. ಕೆಳಗಿನ ಅಂಕಿಯನ್ನೇ ಹಿಡಿದು ಅದರ ಅರ್ಧ ಎಂದುಕೊಂಡರೂ ನನ್ನ ಎದೆ ಭಾರವಾಗುತ್ತದೆ. ಮರ್ಕ್ 2007ರಲ್ಲಿ 485 ಕೋಟಿ ಡಾಲರ್‌ಗೆ ದಾವೆಗಳನ್ನು ಇತ್ಯರ್ಥ ಮಾಡಿಕೊಂಡಿತು.

ಅದೇ 2007ರ ಸೆಪ್ಟೆಂಬರ್ 27ರಂದು ಸಹಿಯಾದ ತಿದ್ದುಪಡಿ ಕಾಯ್ದೆ ಶುಲ್ಕವನ್ನೂ ನವೀಕರಿಸಿತು, ಈ ಪ್ರಕರಣಕ್ಕೆ ಉತ್ತರವನ್ನೂ ಕೊಟ್ಟಿತು. ಸುರಕ್ಷತೆಗೆಂದು ಶುಲ್ಕದ ಹಣ ಹೆಚ್ಚಾಯಿತು, ಅನುಮತಿಯ ನಂತರದ ಅಧ್ಯಯನಗಳನ್ನು ಕಡ್ಡಾಯ ಮಾಡುವ ಅಧಿಕಾರ ಬಂತು, ಅವುಗಳಿಗೆ ವೇಳಾಪಟ್ಟಿ ಇಡಬೇಕಾಯಿತು. 2012ರ ನವೀಕರಣದಲ್ಲಿ ಗಡುವಿನ ಸ್ವರೂಪವನ್ನೂ ತಿದ್ದಿದರು. ಹೊಸ ರಾಸಾಯನಿಕಗಳ ಅರ್ಜಿಗೆ ಎಣಿಕೆ ಶುರುವಾಗುವುದು ಈಗ ಮೊದಲ 60 ದಿನಗಳ ಪ್ರಾಥಮಿಕ ಪರಿಶೀಲನೆ ಮುಗಿದ ಮೇಲೆ. ಶುಲ್ಕ ಮಾತ್ರ ಏರುತ್ತಲೇ ಹೋಗಿ 2025ರ ಹಣಕಾಸು ವರ್ಷದಲ್ಲಿ ಪೂರ್ಣ ಅರ್ಜಿಗೆ 43 ಲಕ್ಷ ಡಾಲರ್ ಮುಟ್ಟಿತು. ಈಗಿನ ಕಾಯ್ದೆಯ ಅವಧಿ 2027ರ ಸೆಪ್ಟೆಂಬರಿಗೆ ಮುಗಿಯುತ್ತದೆ.

2007ರ ಕಾಯ್ದೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಲೇಬಲ್ ಬಗೆಗಿನ ಸಣ್ಣ ವಿಧಿ. ಹೊಸ ಅಪಾಯ ತಿಳಿದು ಎಫ್‌ಡಿಎ ಕಂಪನಿಗೆ ಸೂಚನೆ ಕೊಟ್ಟರೆ ಕಂಪನಿ 30 ದಿನಗಳಲ್ಲಿ ಲೇಬಲ್ ತಿದ್ದುಪಡಿ ಸಲ್ಲಿಸಬೇಕು, ಇಲ್ಲವೇ ಏಕೆ ಬೇಡ ಎಂದು ಹೇಳಬೇಕು. ಒಪ್ಪಿಗೆಯಾಗದಿದ್ದರೆ ಮಾತುಕತೆಗೆ 30 ದಿನ. ಅದು ಮುಗಿದ 15 ದಿನಗಳೊಳಗೆ ಎಫ್‌ಡಿಎ ಆದೇಶವನ್ನೇ ಹೊರಡಿಸಬಹುದು. ಒಟ್ಟು 75 ದಿನ. ಸಲಹಾ ಸಮಿತಿ ಸೇರಿದ 2001ರ ಫೆಬ್ರವರಿ 8ರಂದೇ ಇಂಥ ಸೂಚನೆ ಹೋಗಿದ್ದರೆ 75ನೇ ದಿನ ಬೀಳುತ್ತಿದ್ದದ್ದು ಅದೇ ವರ್ಷದ ಏಪ್ರಿಲ್ 24ಕ್ಕೆ. ಲೇಬಲ್ ನಿಜವಾಗಿ ಬದಲಾದ ದಿನಕ್ಕೂ ಅದಕ್ಕೂ ನಡುವಿನ ಅಂತರ 352 ದಿನ, ಮತ್ತು ಆ 352 ದಿನವೂ ವೈದ್ಯರು ಹಳೆಯ ಲೇಬಲ್ ಓದಿಯೇ ಚೀಟಿ ಬರೆದರು.